ಬಿಳಿ ರಕ್ತಕಣ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಪ್ರಶ್ನೆ: ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ನಮ್ಮ ಮಾವನ ಪಾದ ಊದಿಕೊಂಡಿದೆ. ಜ್ವರವೂ ಇದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ 16,000, ಅದರಲ್ಲಿ ನ್ಯೂಟ್ರೋಫಿಲ್ 84 ಪರ್ಸೆಂಟ್ ಎಂದು ಬಂದಿದೆ. ಬಿಳಿ ಕಣಗಳು ರೋಗದ ಜೊತೆ ಹೋರಾಡುತ್ತವೆ ಅಂತಾರೆ. ಹಾಗಾದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?
– ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಅಲ್ಲ. ಮಾವನಿಗೆ ಎಷ್ಟು ಶಕ್ತಿ ಇದೆ ಎಂದು ಈ 16,000 ಹೇಳುವುದಿಲ್ಲ. ಮೈಯೊಳಗೆ ಎಲ್ಲೋ ಜೋರಾಗಿ ಕೆಲಸ ನಡೆದಿದೆ ಎಂದಷ್ಟೇ ಹೇಳುತ್ತದೆ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಗಾಯ ಕೀವಾದಾಗ ಅದು ಏರುವುದು ಮಾಮೂಲು.

ಬಿಳಿ ಕಣಗಳ ಕೆಲಸ ಜಗತ್ತಿಗೆ ಗೊತ್ತಾಗಿದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸಿನಾದಲ್ಲಿದ್ದ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರ ಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬಿಟ್ಟರು. ಒಳಗಿನದೆಲ್ಲ ಹೊರಗೆ ಕಾಣುವಂಥ ಮೈ ಅದರದು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕಣಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ಈ ಕಣಗಳು ನುಂಗುತ್ತವೆ ಎಂದರು ಅವರು. ಇಲ್ಲ, ರಕ್ತದ ದ್ರವದಲ್ಲಿರುವ ಪದಾರ್ಥಗಳೇ ಕಾಯುವುದು ಎಂದು ಇನ್ನೊಂದು ಗುಂಪು ವಾದಿಸಿತು. ಕೊನೆಗೆ 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ಆ ಕಡೆಯ ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದರು. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಿಲ್ಲದೆ ನಡೆಯುವುದೇ ಇಲ್ಲ ಎಂಬುದು ಈಗ ಗೊತ್ತಿದೆ.

ಮಾವನ ಪಾದಕ್ಕೆ ಬರೋಣ. ಮುಳ್ಳಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಒಳಗೆ ಹೋಗಿವೆ. ಚರ್ಮದ ಕೆಳಗೆ ಮೊದಲೇ ಮನೆ ಮಾಡಿಕೊಂಡಿರುವ ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಎಂಬ ಕಾವಲು ಕಣಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅವು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಅಲ್ಲಿನ ರಕ್ತನಾಳ ಹಿಗ್ಗುತ್ತದೆ, ಗೋಡೆ ಸಡಿಲವಾಗುತ್ತದೆ. ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದು ಹೀಗೆ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಅಲ್ಲಿ ನಿಧಾನವಾಗಿ, ಗೋಡೆಗೆ ಅಂಟಿ, ಸಂದಿನಲ್ಲಿ ನುಸುಳಿ ಗಾಯಕ್ಕೆ ಬರುತ್ತವೆ. ಬ್ಯಾಕ್ಟೀರಿಯಾಗಳನ್ನು ನುಂಗಿ ಬೇಗನೆ ತಾವೂ ಸಾಯುತ್ತವೆ. ಕೀವು ಎಂದರೆ ಬಹುಪಾಲು ಈ ಸತ್ತ ನ್ಯೂಟ್ರೋಫಿಲ್‌ಗಳೇ. ಅಷ್ಟರಲ್ಲಿ ಎಲುಬಿನ ಮಜ್ಜೆಗೂ ಸುದ್ದಿ ಹೋಗಿರುತ್ತದೆ. ಅಲ್ಲಿಂದ ಹೊಸ ಕಣಗಳು ಬರುತ್ತಲೇ ಇರುತ್ತವೆ. ನಿಮ್ಮ ಕೈಯಲ್ಲಿರುವ ರಿಪೋರ್ಟಿನ 84 ಪರ್ಸೆಂಟ್ ಅದೇ.

ಇಷ್ಟೆಲ್ಲ ಆಗುವುದು ಗಂಟೆಗಳ ಲೆಕ್ಕದಲ್ಲಿ. ಇನ್ನೊಂದು ಕೆಲಸ ನಿಧಾನವಾಗಿ ನಡೆಯುತ್ತದೆ. ನನಗೆ ಜಾಸ್ತಿ ಸೋಜಿಗ ಅನ್ನಿಸುವುದು ಅದೇ. ಡೆಂಡ್ರಿಟಿಕ್ ಕಣ ಎಂಬುದೊಂದಿದೆ. ಅದು ಬ್ಯಾಕ್ಟೀರಿಯಾದ ಚೂರೊಂದನ್ನು ಹೊತ್ತು ತೊಡೆಸಂದಿನ ದುಗ್ಧಗ್ರಂಥಿಗೆ ಹೋಗುತ್ತದೆ. ಕಾಲಿಗೆ ಗಾಯವಾದಾಗ ಅಲ್ಲಿ ನೋವಿನ ಗಂಟು ಏಳುತ್ತದಲ್ಲ, ಅದೇ ಜಾಗ. ಅಲ್ಲಿ ಟಿ ಕಣ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳಿವೆ. ಒಂದೊಂದು ಟಿ ಕಣಕ್ಕೂ ಒಂದೊಂದು ಗುರುತು ಮಾತ್ರ ಹಿಡಿಯಲು ಬರುತ್ತದೆ. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಫೋಟೋ ಹಿಡಿದು ಬಂದವರನ್ನೆಲ್ಲ ‘ಇವನ ಗುರುತು ಸಿಗ್ತದಾ’ ಎಂದು ಕೇಳಿದ ಹಾಗೆ ಡೆಂಡ್ರಿಟಿಕ್ ಕಣ ಆ ಚೂರನ್ನು ಸಾಲುಸಾಲು ಟಿ ಕಣಗಳಿಗೆ ತೋರಿಸುತ್ತದೆ. ಗುರುತು ಹಿಡಿದ ಹೆಲ್ಪರ್ ಟಿ ಕಣ, ಅಂದರೆ ಬೇರೆ ಕಣಗಳಿಗೆ ನೆರವಾಗುವ ಟಿ ಕಣ, ಹತ್ತಾಗಿ ನೂರಾಗಿ ಬೆಳೆಯುತ್ತದೆ. ಅದರ ಬೆಂಬಲ ಸಿಕ್ಕಿದ ಬಿ ಕಣ ಎಂಬ ಬಿಳಿ ಕಣಗಳು ಆಂಟಿಬಾಡಿ ಎಂಬ ಪ್ರೋಟೀನ್ ತಯಾರಿಸುತ್ತವೆ. ಆಂಟಿಬಾಡಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡರೆ ನ್ಯೂಟ್ರೋಫಿಲ್‌ಗೂ ಮ್ಯಾಕ್ರೋಫೇಜ್‌ಗೂ ಅದನ್ನು ಹಿಡಿದು ನುಂಗುವುದು ಸಲೀಸು. ಮೊದಲ ಸಲ ಇದಕ್ಕೆಲ್ಲ ವಾರದಷ್ಟು ಹೊತ್ತು ಬೇಕು. ಆದರೆ ಕೆಲವು ಟಿ, ಬಿ ಕಣಗಳು ಆ ಗುರುತನ್ನು ನೆನಪಿಟ್ಟುಕೊಂಡು ಉಳಿಯುತ್ತವೆ. ಮುಳ್ಳು ಚುಚ್ಚಿದಾಗ ಡಾಕ್ಟರು ಧನುರ್ವಾಯು ತಡೆಯುವ ಟಿ.ಟಿ. ಇಂಜೆಕ್ಷನ್ ಹಾಕುವುದು ಹಿಂದಿನ ಲಸಿಕೆಯಿಂದ ಉಳಿದ ಇಂಥ ನೆನಪನ್ನು ಕೆದಕಲಿಕ್ಕೆ.

ಈ ಹೆಲ್ಪರ್ ಟಿ ಕಣ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ನುಂಗುವುದಿಲ್ಲ. ಆದರೂ ಎಚ್‌ಐವಿ ವೈರಸ್ ಅದನ್ನು ಕಡಿಮೆ ಮಾಡುತ್ತಾ ಬಂದರೆ ಉಳಿದ ಕಣಗಳು ಇದ್ದೂ ಕೈಸಾಗದೆ ಹೋಗುತ್ತವೆ.

ಹಾಗಾಗಿ ಬರೀ ಲೆಕ್ಕ ನೋಡಿದರೆ ಮೋಸ ಹೋಗುತ್ತೇವೆ. ರಕ್ತ ಕ್ಯಾನ್ಸರ್‌ನಲ್ಲಿ ಬಿಳಿ ಕಣ ಲಕ್ಷ ದಾಟಬಹುದು. ಅವು ಹೆಚ್ಚಾಗಿ ಬಲಿಯದ ಅಥವಾ ಕೆಲಸಕ್ಕೆ ಬಾರದ ಕಣಗಳು. ಆ ರೋಗಿಗೆ ಸೋಂಕು ಮೇಲಿಂದ ಮೇಲೆ ಬರುತ್ತದೆ. ಮಂಡಿ ನೋವಿಗೆಂದು ನಮ್ಮ ಕಡೆ ಸುಮ್ನೆ ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಇಂಜೆಕ್ಷನ್ ಇನ್ನೂ ವಿಚಿತ್ರ. ರಕ್ತನಾಳದ ಗೋಡೆಗೆ ಅಂಟಿ ಗಾಯಕ್ಕೆ ಇಳಿಯಬೇಕಾದ ನ್ಯೂಟ್ರೋಫಿಲ್‌ಗಳನ್ನು ಅದು ರಕ್ತದಲ್ಲೇ ತೇಲಿಸಿಬಿಡುತ್ತದೆ. ರಿಪೋರ್ಟಿನಲ್ಲಿ ಅಂಕಿ ಏರುತ್ತದೆ, ಗಾಯದ ಹತ್ತಿರ ಆಳಿಲ್ಲ! ಡೆಂಗಿಯಲ್ಲಿ ಉಲ್ಟಾ, ಎಣಿಕೆ ಇಳಿಯುತ್ತದೆ. ಇಯೋಸಿನೋಫಿಲ್ ಎಂಬ ಬಗೆಯ ಬಿಳಿ ಕಣ ಒಂದೇ ಏರಿದ್ದರೆ ಅಲರ್ಜಿಯೋ, ಬರಿಗಾಲಲ್ಲಿ ಗದ್ದೆಗೆ ಇಳಿಯುವವರಾದರೆ ಕೊಕ್ಕೆಹುಳುವೋ ಎಂದು ಡಾಕ್ಟರು ಯೋಚಿಸುತ್ತಾರೆ.

ಇನ್ನು ಮಾವನ ವಿಷಯ. ಮುಳ್ಳಿನ ತುದಿ ಒಳಗೆ ಮುರಿದು ಉಳಿದಿದೆಯಾ ಎಂದು ನೋಡಿಸಿ. ಕಟ್ಟಿಗೆಯ ಚೂರನ್ನು ಮ್ಯಾಕ್ರೋಫೇಜ್‌ಗಳು ಕರಗಿಸಲಾರವು. ಹಲವು ಕಣಗಳು ಒಂದಕ್ಕೊಂದು ಬೆಸೆದು ಅದರ ಸುತ್ತ ಗೋಡೆ ಕಟ್ಟುತ್ತವೆ, ಬಾವು ಇಳಿಯುವುದೇ ಇಲ್ಲ. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಬ್ಲೇಡು, ಸೂಜಿ ಹಿಡಿದು ಮನೆಯಲ್ಲೇ ಕೆದಕಬೇಡಿ. ಆಂಟಿಬಯಾಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಲಿ. ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ, ಚಳಿ ಜ್ವರ ಹೆಚ್ಚಾದರೆ, ಮಂಪರು ಬಂದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಯ ಮಾಗಿದ ಮೇಲೆ ಇನ್ನೊಮ್ಮೆ ಎಣಿಕೆ ನೋಡಿಸಿ. ಆಗಲೂ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಇದೇ ಸಲ ಶುಗರ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಸಕ್ಕರೆ ಹೆಚ್ಚಿದ್ದರೆ ನ್ಯೂಟ್ರೋಫಿಲ್‌ಗಳು ಗಾಯಕ್ಕೆ ಬರುವುದೂ ನುಂಗುವುದೂ ಮಂದವಾಗುತ್ತದೆ, 16,000 ಇದ್ದರೂ.