ತೂಕ ಇಳಿಸಲು ನೀರು ಕುಡಿಯುವುದು ಬಿಡಬೇಡಿ, ಹುಡುಗರೇ

ಎಂಎಂಎ (ಬಾಕ್ಸಿಂಗ್, ಕುಸ್ತಿ ಎಲ್ಲ ಬೆರೆತ ಕಾದಾಟ) ಕಲಿಯುವ ಹುಡುಗರು ಹುಬ್ಬಳ್ಳಿಯ ನಮ್ಮ ಕ್ಲಿನಿಕ್‌ಗೆ ಮೊಣಕಾಲು, ಭುಜದ ನೋವು ಅಂತ ಬರುತ್ತಾರೆ. ಆದರೆ ಮಾತು ಬೇಗ ತೂಕದ ಕಡೆ ಹೊರಳುತ್ತದೆ. ಫೈಟ್‌ಗೆ ಮೊದಲು ತಮ್ಮ ತೂಕದ ವಿಭಾಗದ ಮಿತಿಗೆ ಇಳಿಯಬೇಕಲ್ಲ. ‘ಸರ್, ಮೂರ ದಿನದಾಗ ಐದು ಕೆಜಿ ಇಳಸಬೇಕ್ರೀ, ಏನ್ ಮಾಡ್ಲಿ?’ ಅಂತ ಕೇಳುತ್ತಾರೆ. ಜೊತೆಗೆ ಮೊಬೈಲಿನಲ್ಲಿ ‘ದಿ ಅಲ್ಟಿಮೇಟ್ ಫೈಟರ್’ ಶೋದ ತುಣುಕು ತೋರಿಸುತ್ತಾರೆ.

ಅಮೆರಿಕದಲ್ಲಿ 2005ರಲ್ಲಿ ಶುರುವಾದ ಶೋ ಇದು. ಹೊಸ ಫೈಟರ್‌ಗಳನ್ನು ಒಂದೇ ಮನೆಯಲ್ಲಿ ಇಟ್ಟು, ಎರಡು ತಂಡ ಮಾಡಿ ಆಡಿಸುತ್ತಾರೆ. ಗೆದ್ದವರಿಗೆ ಯುಎಫ್‌ಸಿ (ಎಂಎಂಎ ಫೈಟ್ ನಡೆಸುವ ಅಮೆರಿಕದ ದೊಡ್ಡ ಸಂಸ್ಥೆ) ಒಪ್ಪಂದ. ಮೊದಲ ಸೀಸನ್ನಿನ ಫೈನಲ್‌ನಲ್ಲಿ ಫಾರೆಸ್ಟ್ ಗ್ರಿಫಿನ್, ಸ್ಟೀಫನ್ ಬೊನ್ನರ್ ಎಷ್ಟು ಚೆನ್ನಾಗಿ ಕಾದಾಡಿದರು ಅಂದರೆ, ಸೋತ ಬೊನ್ನರ್‌ಗೂ ಒಪ್ಪಂದ ಸಿಕ್ಕಿತು. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರಲ್ಲಿ, ಯುಎಫ್‌ಸಿಗೆ ದಾರಿ ಮಾಡಿಕೊಡುವ ‘ರೋಡ್ ಟು ಯುಎಫ್‌ಸಿ’ ಪಂದ್ಯಾವಳಿ ಗೆದ್ದ ಮೇಲೆ ನಮ್ಮ ಹುಡುಗರ ಆಸೆಯೂ ಬೆಳೆದಿದೆ. ಬೆಳೆಯಲಿ, ನನಗೂ ಖುಷಿ.

ನನ್ನ ಚಿಂತೆ ಬೇರೆ. ಸಾಮಾನ್ಯವಾಗಿ ಫೈಟರ್‌ಗೆ ಎರಡು ಫೈಟ್ ನಡುವೆ ತಿಂಗಳುಗಟ್ಟಲೆ ಸಮಯ ಇರುತ್ತದೆ. ಶೋದ ಮನೆಯಲ್ಲಿ ಗೆದ್ದವನು ಕೆಲವೇ ವಾರಗಳಲ್ಲಿ ಮತ್ತೆ ತನ್ನ ವಿಭಾಗದ ತೂಕಕ್ಕೆ ಇಳಿಯಬೇಕು. ದೇಹ ಸುಧಾರಿಸಿಕೊಳ್ಳುವುದು ಯಾವಾಗ?

ಎರಡು ಮೂರು ದಿನದಲ್ಲಿ ಇಳಿಯುವ ತೂಕದಲ್ಲಿ ಕೊಬ್ಬು ತೀರಾ ಕಡಿಮೆ. ಹೋಗುವುದು ಹೆಚ್ಚಾಗಿ ನೀರು. ನೀರು ಹೋದರೆ ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಕಿಡ್ನಿಗೆ ಹೊರೆ ಬೀಳುತ್ತದೆ. ಬೆವರು ಕಡಿಮೆಯಾಗಿ ಮೈ ಬಿಸಿ ಒಳಗೇ ಉಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿ ಉಣಕಲ್ ಕೆರೆ ಸುತ್ತ ಓಡಿದರೆ ಉಷ್ಣಾಘಾತ ಆಗಬಹುದು. ಇನ್ನು ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಅದು ಪೊಟ್ಯಾಸಿಯಂ ಏರುಪೇರು ಮಾಡಿ ಹೃದಯದ ಲಯವನ್ನೇ ಕೆಡಿಸಬಲ್ಲದು. ಡೋಪಿಂಗ್ ನಿಯಮದಲ್ಲೂ ಅದು ನಿಷಿದ್ಧ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2015ರಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಎಂಬ 21 ವರ್ಷದ ಫೈಟರ್ ಮನಿಲಾದಲ್ಲಿ ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡ. ಆಮೇಲೆ ಆ ಫೈಟ್ ನಡೆಸುತ್ತಿದ್ದ ‘ಒನ್’ ಸಂಸ್ಥೆ ತೂಕದ ಜೊತೆ ಮೂತ್ರ ಪರೀಕ್ಷೆಯನ್ನೂ ತಂದಿತು. ಮೈಯಲ್ಲಿ ಸಾಕಷ್ಟು ನೀರಿದ್ದರೆ ಮಾತ್ರ ಆಡಲು ಬಿಡುತ್ತಾರೆ. ಎಲ್ಲ ಕಡೆ ಈ ನಿಯಮ ಬರಬೇಕು ಅನ್ನುವವನು ನಾನು.

ನಮ್ಮ ಕಡೆ ಜಾತ್ರೆ ಕುಸ್ತಿಯಲ್ಲಿ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಾರೆ. ಹಾಲು, ಬಾದಾಮಿ ತಿಂದು ಮೈ ಬೆಳೆಸಿದ ಗರಡಿ ಹುಡುಗನಿಗೆ ತೂಕ ಕತ್ತರಿಸುವ ವಿದ್ಯೆ ಹೇಳಿಕೊಟ್ಟವರೇ ಇಲ್ಲ. ಅವನು ಎಂಎಂಎಗೆ ಬಂದಾಗ ಕೇಳಲು ಉಳಿಯುವುದು ವಿಡಿಯೋ ಒಂದೇ. ಅನುಭವಿಗಳಿಗೂ ಇದು ಸುಲಭವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಒದ್ದಾಡಿದರೂ 50 ಕೆಜಿಗೆ 100 ಗ್ರಾಂ ಹೆಚ್ಚೇ ಬಂತು ಅಲ್ವಾ?

ಹಾಗಾಗಿ ನಿಮ್ಮ ದಿನನಿತ್ಯದ ತೂಕಕ್ಕೆ ಹತ್ತಿರ ಇರುವ ವಿಭಾಗವನ್ನೇ ಆರಿಸಿ. ಇಳಿಸಲೇಬೇಕಾದರೆ ವಾರಕ್ಕೆ ಅರ್ಧ ಕೆಜಿಯಂತೆ, ಎರಡು ತಿಂಗಳ ಮೊದಲೇ ಶುರು ಮಾಡಿ. ಹದಿನೆಂಟು ತುಂಬದವರು ನೀರು ಕುಡಿಯುವುದು ಬಿಟ್ಟು ತೂಕ ಇಳಿಸಲೇಬಾರದು. ತೂಕ ಹಾಕಿಸಿದ ಮೇಲೆ ಒಂದೇ ಸಲ ನೀರು ಗಟಗಟ ಕುಡಿಯಬೇಡಿ. ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಯಿರಿ, ಅನ್ನ, ಬಾಳೆಹಣ್ಣು ತಿನ್ನಿ. ಕೋಚ್‌ಗಳಿಗೂ ಒಂದು ಮಾತು: ಹುಡುಗ ತೊದಲಿದರೆ, ಗೊಂದಲಕ್ಕೆ ಬಿದ್ದರೆ, ಮೈ ಸುಡುತ್ತಿದ್ದರೂ ಬೆವರು ನಿಂತಿದ್ದರೆ, ತಕ್ಷಣ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, 108ಕ್ಕೆ ಫೋನ್ ಮಾಡಿ.