ಹಳೆ ಔಟ್‌ಬೋರ್ಡ್ ಮೋಟರ್ ಕೊಳ್ಳುವಾಗ ಮೊದಲು ಕೆಳಗೆ ನೋಡಿ

ಗೋವಾದ ವಾಸ್ಕೋದ ಖಾರಿವಾಡೋ ದಡದಲ್ಲಿ ನನ್ನ ಜೊತೆ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಮೋಟರಿನ ಕೆಲಸ ಕಲಿಯುತ್ತಿರುವ ಕಾರವಾರ, ಅಂಕೋಲೆ ಕಡೆಯ ಹುಡುಗರಿಗಾಗಿ ಈ ಟಿಪ್ಪಣಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆಗೆ ನಿಷೇಧ. ಗೋವಾದಲ್ಲಿ 10 ಎಚ್‌ಪಿವರೆಗಿನ ಮೋಟರ್ ಕಟ್ಟಿ ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬಿಡುವ ನೋಂದಾಯಿತ ಸಣ್ಣ ದೋಣಿಗಳಿಗೆ ಇದರಿಂದ ವಿನಾಯಿತಿ ಇದೆ. 9.9 ಎಚ್‌ಪಿ ಆ ಮಿತಿಯೊಳಗೆ ಬರುತ್ತದೆ. ನನ್ನ ಭಾವ ಹುಡುಕಿದ್ದೂ ಅದನ್ನೇ. ಕವರ್ ಹೊಸದರ ಹಾಗೆ ಹೊಳೆಯುತ್ತಿತ್ತು, ಹಗ್ಗ ಎಳೆದ ಕೂಡಲೇ ಸ್ಟಾರ್ಟ್ ಆಯಿತು, ದುಡ್ಡು ಕೊಟ್ಟು ತಂದರು. ಮೂರನೇ ವಾರ ಗೇರ್ ಹಲ್ಲು ಮುರಿಯಿತು. ಬಿಚ್ಚಿದಾಗ ಫ್ಯಾನಿನ (ಪ್ರೊಪೆಲ್ಲರ್) ಹಿಂದೆ ಶಾಫ್ಟಿಗೆ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಆ ದಾರ ಸೀಲನ್ನು ಕೊಯ್ದಿತ್ತು, ಸಮುದ್ರದ ನೀರು ಗೇರ್ ಬಾಕ್ಸ್ ಸೇರಿತ್ತು.

ಅದಕ್ಕೇ ನಾನು ಮೊದಲು ನೋಡುವುದು ಗೇರ್ ಆಯಿಲ್. ಕೆಳಭಾಗದಲ್ಲಿ ಎರಡು ಸ್ಕ್ರೂ ಇರುತ್ತವೆ. ಮೇಲಿನದನ್ನು ಮುಟ್ಟಬೇಡಿ; ಕೆಳಗಿನದನ್ನು ಮಾತ್ರ ಸಡಿಲಿಸಿ, ನಾಲ್ಕು ಹನಿ ಅಂಗೈಗೆ ಹಿಡಿದು ಬಿಗಿ ಮಾಡಿ. ಮೋಟರ್ ರಾತ್ರಿಯೆಲ್ಲ ನೆಟ್ಟಗೆ ನಿಂತಿದ್ದರೆ ಒಳ್ಳೆಯದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ಓಡಿಸಿದ ಮೇಲೆ ತೆಗೆದರೆ ಎಣ್ಣೆ, ನೀರು ಎರಡೂ ಕಲೆತು ಹಾಲು ಹಾಕಿದ ಚಹಾದ ಹಾಗೆ ಕಾಣುತ್ತದೆ. ಬೆರಳಿಗೆ ಬೂದಿಯಂಥ ನುಣ್ಣನೆಯ ಲೋಹದ ಪುಡಿ ಹತ್ತಿದರೆ ಅದು ಸವೆತ, ಹೆದರಬೇಕಿಲ್ಲ. ಚೂರು ಸಿಕ್ಕರೆ ವ್ಯಾಪಾರ ಅಲ್ಲಿಗೇ ಬಿಡಿ. ಎಣ್ಣೆ ತೀರಾ ಹೊಸದಾಗಿ ಕಂಡರೂ ನನಗೆ ಅನುಮಾನವೇ. ಅರ್ಧ ಗಂಟೆ ಓಡಿಸಿ ಇನ್ನೊಮ್ಮೆ ನೋಡುತ್ತೇನೆ. ಫ್ಯಾನ್ ಬಿಚ್ಚಿ ದಾರ ಇದೆಯೇ ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಭಾವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಸ್ಟಾರ್ಟ್. "ನಾನು ಬರುವವರೆಗೆ ಹಚ್ಚಬೇಡಿ" ಎಂದು ಮಾರುವವರಿಗೆ ಮೊದಲೇ ಹೇಳಿಡಿ, ಬಂದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬಿಸಿ ಮೋಟರ್ ಯಾರು ಎಳೆದರೂ ಏಳುತ್ತದೆ, ತಣ್ಣಗಿದ್ದಾಗಲೇ ಅದರ ಗುಣ ಗೊತ್ತಾಗುವುದು. ನೀರಿಲ್ಲದೆ ಮಾತ್ರ ಎಂದೂ ಓಡಿಸಬೇಡಿ. ಎಂಜಿನ್ ತಣಿಸಲು ನೀರೆಳೆಯುವ ರಬ್ಬರ್ ಚಕ್ರ, ಇಂಪೆಲ್ಲರ್, ಒಣಗಿ ತಿರುಗಿದರೆ ಬೇಗ ಸುಟ್ಟುಹೋಗುತ್ತದೆ. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ. ಆ ನೀರು ಹೊರಬರುವ ಸಣ್ಣ ತೂತಿನಿಂದ ಒಂದೇ ಧಾರೆಯಾಗಿ ಚಿಮ್ಮಬೇಕು. ಧಾರೆ ಸಣ್ಣಗಿದ್ದರೆ ಎಂಜಿನ್ ನಿಲ್ಲಿಸಿ, ತೂತಿಗೆ ತಂತಿ ಹಾಕಿ ನೋಡಿ, ಎಷ್ಟೋ ಸಲ ಉಪ್ಪು ಕಟ್ಟಿಕೊಂಡಿರುತ್ತದೆ. ಆದರೂ ಸರಿಯಾಗದಿದ್ದರೆ ಸಿಲಿಂಡರ್ ಹೆಡ್ ಮೇಲಿನ ಬಣ್ಣ ಗುಳ್ಳೆ ಎದ್ದಿದೆಯೇ, ಕಪ್ಪಾಗಿದೆಯೇ ಗಮನಿಸಿ. ಎದ್ದಿದ್ದರೆ ಆ ಮೋಟರ್ ಒಮ್ಮೆ ಕಾದು ಬೆಂದಿದೆ.

ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಇದ್ದವರು ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದು, ಎರಡೂ ಪ್ಲಗ್ ಬಿಚ್ಚಿ, ಒಂದೊಂದೇ ಪ್ಲಗ್ ತೂತಿಗೆ ಗೇಜ್ ಹಾಕಿ, ಆಕ್ಸಲರೇಟರ್ ಪೂರ್ತಿ ತಿರುವಿ ನಾಲ್ಕೈದು ಸಲ ಹಗ್ಗ ಎಳೆಯಿರಿ. ಎರಡು ಸಿಲಿಂಡರ್ ನಡುವಿನ ಅಂತರವೇ ಇಲ್ಲಿ ಮುಖ್ಯ, ಶೇ. 10 ದಾಟಬಾರದು. 110 ಮತ್ತು 105 ಪಿಎಸ್‌ಐ ಬಂದರೆ ಸರಿ. 110 ಮತ್ತು 85 ಬಂದರೆ ಒಂದು ಪಿಸ್ಟನ್ ಅಥವಾ ರಿಂಗ್ ಸೋತಿದೆ.

ಶಾಫ್ಟ್ ಉದ್ದ (ದೋಣಿಗೆ ಕೂರುವ ಬ್ರಾಕೆಟ್ಟಿನಿಂದ ಫ್ಯಾನಿನ ಮೇಲಿನ ಪ್ಲೇಟಿನವರೆಗೆ) ದೋಣಿಗೆ ಹೊಂದಬೇಕು: ಶಾರ್ಟ್ 15 ಇಂಚು, ಲಾಂಗ್ 20. ಆ ಪ್ಲೇಟ್ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಬರಲಿ. ಬ್ರಾಕೆಟ್ ಮೇಲಿನ ಸೀರಿಯಲ್ ನಂಬರ್ ಅಳಿಸಿದ್ದರೆ, ಕಾಗದದ ನಂಬರಿಗೆ ತಾಳೆಯಾಗದಿದ್ದರೆ ಕೊಳ್ಳಬೇಡಿ.

ಈಗ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಮೋಟರ್ ತಂದರೆ ಟ್ಯಾಂಕಿನ ಹಳೆ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ತೊಳೆದು, ಪೆಟ್ರೋಲ್ ಪೈಪ್ ಮತ್ತು ಇಂಪೆಲ್ಲರ್ ಎರಡನ್ನೂ ಬದಲಿಸಿದ ಮೇಲೆಯೇ ದೋಣಿಗೆ ಕಟ್ಟಿ.