ಅಗೆಯಲು ಬಿಡದ ಪಳೆಯುಳಿಕೆ ತಾಣದಲ್ಲಿ ಮಕ್ಕಳು ಕಲಿಯುವುದೇನು?

ಪ್ರಶ್ನೆ: ನಮ್ಮ ಶಾಲೆಯ 12–13 ವರ್ಷದ ಮಕ್ಕಳನ್ನು ಪ್ರಾಗೈತಿಹಾಸಿಕ ಪಳೆಯುಳಿಕೆ ತಾಣವೊಂದಕ್ಕೆ ಕರೆದೊಯ್ಯುವ ಯೋಚನೆಯಿದೆ. ಅಲ್ಲಿ ಮಕ್ಕಳು ಅಗೆಯುವಂತಿಲ್ಲ, ಮೂಳೆಗಳನ್ನು ಮುಟ್ಟುವಂತಿಲ್ಲ ಎನ್ನುತ್ತಾರೆ. ನೋಡಿ ಬರುವುದಷ್ಟೇ ಆದರೆ ವಸ್ತುಸಂಗ್ರಹಾಲಯಕ್ಕೇ ಹೋಗಬಹುದಲ್ಲವೇ?

ಉತ್ತರ: ಅಗೆಯಲು ಬಿಡದಿದ್ದರೂ ತಾಣಕ್ಕೆ ಹೋಗಬೇಕು. ಒಂದು ಮೂಳೆ ಯಾವ ಪದರದಲ್ಲಿ, ಯಾವ ದಿಕ್ಕಿಗೆ, ಯಾವುದರ ಪಕ್ಕದಲ್ಲಿ ಬಿದ್ದಿದೆ ಎಂಬುದು ಅಲ್ಲಲ್ಲದೆ ಬೇರೆಲ್ಲೂ ಕಣ್ಣಿಗೆ ಬೀಳುವುದಿಲ್ಲ. ವಸ್ತುಸಂಗ್ರಹಾಲಯದವರು ಬಿಡಿ ಮೂಳೆಗಳನ್ನು ಜೋಡಿಸಿ, ಸಿಗದೆ ಹೋದವುಗಳ ಜಾಗದಲ್ಲಿ ಅಚ್ಚುಗಳನ್ನು ಕೂರಿಸಿ, ಪ್ರಾಣಿಯನ್ನು ಎದ್ದು ನಿಲ್ಲಿಸಿ ತೋರಿಸುತ್ತಾರೆ. ಅದು ತಜ್ಞರು ಬಹಳ ಶ್ರಮಪಟ್ಟು ಕಂಡುಕೊಂಡ ಉತ್ತರ. ಆ ಉತ್ತರಕ್ಕೆ ಅವರು ಹೇಗೆ ಬಂದರು ಎಂಬುದನ್ನು ಮಕ್ಕಳು ಅರಿಯಬೇಕಾದರೆ, ಮೂಳೆ ಇನ್ನೂ ಮಣ್ಣಿನಲ್ಲಿ ಅರ್ಧ ಹುದುಗಿರುವ ಜಾಗದಲ್ಲಿ ಅವರನ್ನು ನಿಲ್ಲಿಸಬೇಕು.

ಅಮೆರಿಕದ ದಕ್ಷಿಣ ಡಕೋಟದ ಹಾಟ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 1974ರಲ್ಲಿ ಮನೆ ಕಟ್ಟಲೆಂದು ನೆಲ ಸಮತಟ್ಟು ಮಾಡುತ್ತಿದ್ದಾಗ ಮ್ಯಾಮತ್ ಎಂಬ ಅಳಿದುಹೋದ ಆನೆಗಳ ಮೂಳೆಗಳು ಬೆಳಕಿಗೆ ಬಂದವು. ಅವುಗಳಲ್ಲಿ ಹೆಚ್ಚಿನವನ್ನು ಬಿದ್ದಲ್ಲೇ ಬಿಟ್ಟು, ಇಡೀ ಗುಂಡಿಯ ಮೇಲೆ ಕಟ್ಟಡವನ್ನೇ ಕಟ್ಟಿದ್ದಾರೆ. ಒಂದು ಕಾಲದಲ್ಲಿ ಅದು ನೆಲ ಕುಸಿದು ಉಂಟಾದ ಹೊಂಡ, ತಳದಲ್ಲಿ ಬೆಚ್ಚನೆಯ ನೀರಿನ ಬುಗ್ಗೆ, ಸುತ್ತ ಜಾರುವ ಕಡಿದಾದ ದಡ. ಅಲ್ಲಿ ಈವರೆಗೆ 60ಕ್ಕೂ ಹೆಚ್ಚು ಮ್ಯಾಮತ್‌ಗಳ ಅವಶೇಷಗಳು ದೊರೆತಿವೆ. ಸೊಂಟದ ಮೂಳೆಗಳ ಆಕಾರವನ್ನು ಪರಿಶೀಲಿಸಿದ ತಜ್ಞರು, ಸತ್ತವುಗಳಲ್ಲಿ ಬಹುಪಾಲು ಹರೆಯದ ಗಂಡುಗಳು ಎಂದು ಕಂಡುಕೊಂಡರು. ಈ ಹಂತದಲ್ಲಿ ಮಾರ್ಗದರ್ಶಕರು ವಿವರಣೆ ನಿಲ್ಲಿಸಿ, ಹೆಣ್ಣುಗಳು ಏಕಿಲ್ಲ ಎಂದು ಮಕ್ಕಳನ್ನೇ ಕೇಳಬೇಕು. ಇಂದಿನ ಆನೆಗಳಲ್ಲಿ ಹಿರಿಯ ಹೆಣ್ಣಾನೆ ಹಿಂಡನ್ನು ನಡೆಸುತ್ತದೆ, ಗಂಡುಗಳು ಹರೆಯಕ್ಕೆ ಬಂದಾಗ ಹಿಂಡು ಬಿಟ್ಟು ಹೋಗುತ್ತವೆ ಎಂಬುದನ್ನು ಬಲ್ಲ ಮಗುವೊಂದು ಗುಂಪಿನಲ್ಲಿ ಇದ್ದೇ ಇರುತ್ತದೆ. ಹಿಂಡಿನ ಅನುಭವದ ಆಸರೆಯಿಲ್ಲದ ಒಂಟಿ ಸಲಗವು ನೀರಿಗೋ ಮೇವಿಗೋ ಇಳಿದು, ಮೇಲೆ ಹತ್ತಲಾಗದೆ ಉಳಿದಿರಬೇಕು ಎಂಬ ಊಹೆ ಆಗ ಮಕ್ಕಳ ಬಾಯಿಂದಲೇ ಹೊರಡುತ್ತದೆ. ನಿಲ್ಲಿಸಿಟ್ಟ ಒಂದೇ ಒಂದು ಅಸ್ಥಿಪಂಜರದ ಮುಂದೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಲಾಸ್ ಏಂಜಲೀಸ್ ನಗರದ ನಡುವೆಯೇ ಇರುವ ಲಾ ಬ್ರೆಯ ಡಾಂಬರು ಹೊಂಡಗಳಲ್ಲಿ ಇನ್ನೊಂದು ಬಗೆಯ ಒಗಟಿದೆ. ಯಾವುದೇ ಕಾಡಿನಲ್ಲಿ ಹುಲ್ಲು ಮೇಯುವ ಪ್ರಾಣಿಗಳು ಹೆಚ್ಚು, ಬೇಟೆಯಾಡುವವು ಕಡಿಮೆ. ಅಲ್ಲಿ ಸಿಕ್ಕ ದೊಡ್ಡ ಸಸ್ತನಿಗಳಲ್ಲಾದರೋ ಸುಮಾರು ಶೇಕಡ 90ರಷ್ಟು ಮಾಂಸಾಹಾರಿಗಳೇ. ಡಾಂಬರಿನಲ್ಲಿ ಸಿಲುಕಿದ ಒಂದು ಕಾಡೆಮ್ಮೆಯ ನರಳಾಟ ಹಲವು ತೋಳಗಳನ್ನು, ಕತ್ತಿಹಲ್ಲಿನ ಬೆಕ್ಕುಗಳನ್ನು ಸೆಳೆದು, ಅವೂ ಅದರಲ್ಲೇ ಅಂಟಿಕೊಂಡವು ಎಂಬುದು ತಜ್ಞರ ವಿವರಣೆ. ಮಕ್ಕಳಿಗೆ ಮೊದಲು ಸಂಖ್ಯೆಗಳನ್ನು ಕೊಟ್ಟು, ಕಾರಣವನ್ನು ಅವರೇ ಹುಡುಕುವಂತೆ ಬಿಡುವುದು ಒಳ್ಳೆಯ ಕ್ರಮ.

ಹಾಗಾದರೆ ಅಗೆಯಲು ಏಕೆ ಬಿಡುವುದಿಲ್ಲ? ಮೂಳೆಯನ್ನು ಒಮ್ಮೆ ಕಿತ್ತರೆ ಅದು ಇದ್ದ ಸ್ಥಿತಿ ಶಾಶ್ವತವಾಗಿ ಅಳಿಯುತ್ತದೆ. ಮೂಳೆಯನ್ನು ಮತ್ತೆ ಅಂಟಿಸಬಹುದು, ಸ್ಥಿತಿಯನ್ನು ಮರಳಿ ತರಲಾಗದು. ಇದರ ಜೊತೆಗೆ, ಪಳೆಯುಳಿಕೆಗಳೆಲ್ಲ ಕಲ್ಲಾಗಿ ಗಟ್ಟಿಯಾಗಿರುತ್ತವೆ ಎಂಬ ನಂಬಿಕೆಯೂ ಸರಿಯಲ್ಲ. ಹಾಟ್ ಸ್ಪ್ರಿಂಗ್ಸ್‌ನ ಮೂಳೆಗಳು ಕಲ್ಲಾಗಿಲ್ಲ. ಮಣ್ಣಿನಿಂದ ಹೊರಬಂದು ಒಣಗತೊಡಗಿದರೆ ಅಂಥವು ಸುಲಭವಾಗಿ ಬಿರುಕು ಬಿಡುತ್ತವೆ. ಇವನ್ನು ಮೊದಲೇ ವಿವರಿಸಿದರೆ ‘ಮುಟ್ಟಬೇಡಿ’ ಎಂಬ ಫಲಕ ಮಕ್ಕಳಿಗೆ ಗದರಿಕೆಯಾಗಿ ಕಾಣುವುದಿಲ್ಲ.

ಮುಟ್ಟುವ ಆಸೆಯೇನೂ ತಪ್ಪಲ್ಲ. ಅದಕ್ಕಾಗಿಯೇ ಅನೇಕ ತಾಣಗಳಲ್ಲಿ ಅಚ್ಚುಗಳನ್ನು ಹೂತಿಟ್ಟ ಮರಳಿನ ಅಣಕು ಗುಂಡಿಗಳಿರುತ್ತವೆ. ಇವುಗಳ ವಿಷಯದಲ್ಲಿ ನನ್ನದೊಂದು ತಕರಾರಿದೆ. ಅಚ್ಚುಗಳನ್ನು ಮನಬಂದಂತೆ ಹರಡಿ, ಕುಂಚ ಕೊಟ್ಟು ‘ಹುಡುಕಿ’ ಎಂದುಬಿಟ್ಟರೆ ಅದು ನಿಧಿಶೋಧದ ಆಟವಾಗುತ್ತದೆ. ಹೆಚ್ಚು ಹೆಕ್ಕಿದವರೇ ಗೆದ್ದವರು ಎಂಬ ಭಾವನೆ ಮೂಡುತ್ತದೆ. ವಿಜ್ಞಾನ ಬಯಸುವುದು ಇದರ ತದ್ವಿರುದ್ಧವನ್ನು. ಗುಂಡಿಯ ಮೇಲೆ ದಾರ ಕಟ್ಟಿ ಒಂದೊಂದು ಮೀಟರಿನ ಚೌಕಗಳನ್ನು ಮಾಡಬೇಕು, ಬೇರೆ ಬೇರೆ ಬಣ್ಣದ ಮರಳಿನ ಎರಡು ಪದರಗಳಿರಬೇಕು, ಉದ್ದನೆಯ ಮೂಳೆಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ವಾಲಿರಬೇಕು, ಕೆಲವು ಮೂಳೆಗಳು ಬೇಕೆಂದೇ ಇಲ್ಲದಿರಬೇಕು. ಪ್ರತಿಯೊಂದು ಮೂಳೆಯ ಆಳವನ್ನು ಅಳೆದು, ದಿಕ್ಸೂಚಿಯಿಂದ ದಿಕ್ಕು ಗುರುತಿಸಿ, ಚೌಕಳಿ ಕಾಗದದಲ್ಲಿ ಚಿತ್ರ ಬರೆಯುವವರೆಗೆ ಯಾವುದನ್ನೂ ಎತ್ತಕೂಡದು ಎಂಬುದೊಂದೇ ನಿಯಮ ಸಾಕು. ಎಲ್ಲ ಗುಂಪುಗಳ ಕಾಗದಗಳನ್ನು ನೆಲದ ಮೇಲೆ ಒಂದಕ್ಕೊಂದು ಜೋಡಿಸಿದಾಗ, ಯಾವ ಒಂದು ಚೌಕದಲ್ಲೂ ಕಾಣದಿದ್ದ ಹಳೆಯ ನೀರಿನ ಹರಿವಿನ ದಿಕ್ಕು ಒಟ್ಟು ನಕ್ಷೆಯಲ್ಲಿ ಮೂಡುತ್ತದೆ. ಗುಂಪು ಕಾರ್ಯಕ್ರಮಕ್ಕೆ ನಿಜವಾದ ಅರ್ಥ ಬರುವುದು ಇಲ್ಲಿ.

ತಾಣಕ್ಕೆ ಹೊರಡುವ ಮುನ್ನ ಮಾಡಲೇಬೇಕಾದ ಕೆಲಸವೆಂದರೆ ಕಾಲದ ಅಳತೆಯನ್ನು ಮಕ್ಕಳ ಮನಸ್ಸಿಗೆ ತರುವುದು. ಮ್ಯಾಮತ್, ಡೈನೋಸಾರ್, ಗುಹಾಮಾನವ ಎಲ್ಲವೂ ‘ಹಿಂದಿನ ಕಾಲ’ ಎಂಬ ಒಂದೇ ಚೀಲದಲ್ಲಿ ಕುಳಿತಿರುತ್ತವೆ. ಶಾಲೆಯ ಮೈದಾನದಲ್ಲಿ ಹಗ್ಗವೊಂದನ್ನು ಹಾಸಿ, ಒಂದು ಮಿಲಿಮೀಟರ್ ಎಂದರೆ ಸಾವಿರ ವರ್ಷ ಎಂದು ಲೆಕ್ಕ ಹಿಡಿಯಿರಿ. ಆರ್ಕ್‌ಟಿಕ್‌ನ ರ‍್ಯಾಂಗಲ್ ದ್ವೀಪದಲ್ಲಿ ಕೊನೆಯ ಮ್ಯಾಮತ್‌ಗಳು ಬದುಕಿದ್ದು ಇಂದಿನಿಂದ ಸುಮಾರು 4 ಮಿಲಿಮೀಟರ್ ಹಿಂದೆ. ನಮ್ಮ ಮಾನವ ಪ್ರಭೇದದ ಅತ್ಯಂತ ಹಳೆಯ ಅವಶೇಷಗಳು 30 ಸೆಂಟಿಮೀಟರಿನಲ್ಲಿ. ಟಾಂಜಾನಿಯದ ಲೆಟೋಲಿಯಲ್ಲಿ 1978ರಲ್ಲಿ ಮೇರಿ ಲೀಕಿ ಅವರ ತಂಡಕ್ಕೆ ದೊರೆತ, ಜ್ವಾಲಾಮುಖಿಯ ಬೂದಿಯಲ್ಲಿ ಎರಡೇ ಕಾಲಿನಲ್ಲಿ ನಡೆದುಹೋದ ಹೆಜ್ಜೆಗುರುತುಗಳು ಸುಮಾರು 3.66 ಮೀಟರಿನಲ್ಲಿ. ಟಿರನೋಸಾರಸ್ 66 ಮೀಟರ್ ದೂರದಲ್ಲಿ, ಸ್ಟೆಗೊಸಾರಸ್ ಸುಮಾರು 150 ಮೀಟರ್ ದೂರದಲ್ಲಿ. ಆ ಎರಡು ಡೈನೋಸಾರ್‌ಗಳ ನಡುವಿನ ಅಂತರ, ಟಿರನೋಸಾರಸ್ ಮತ್ತು ನಮ್ಮ ನಡುವಿನ ಅಂತರಕ್ಕಿಂತ ದೊಡ್ಡದು ಎಂಬುದನ್ನು ಮಗು ತನ್ನ ಕಾಲಿನಿಂದಲೇ ನಡೆದು ತಿಳಿಯುತ್ತದೆ. ಮೈದಾನ ಚಿಕ್ಕದಾಗಿದ್ದರೆ ಹಗ್ಗವನ್ನು ಸುತ್ತು ಹಾಕಿಸಿದರೂ ಆದೀತು.

ಏರ್ಪಾಡಿನ ಮಾತು ಹೆಚ್ಚಿಲ್ಲ. ಮಾರ್ಗದರ್ಶಕರನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಿ, ತರಗತಿಯಲ್ಲಿ ಏನು ಪಾಠವಾಗಿದೆ ಎಂಬುದನ್ನು ಅವರಿಗೆ ತಿಳಿಸಿ, ದೊಡ್ಡ ತಂಡವಾದರೆ ಹತ್ತು ಹನ್ನೆರಡು ಮಕ್ಕಳ ಗುಂಪುಗಳಾಗಿ ಒಡೆದು ಸರದಿಯಂತೆ ಕಳುಹಿಸಿ. ಗಾಲಿಕುರ್ಚಿ ಬಳಸುವ ಮಗುವಿದ್ದರೆ ನಡೆದಾರಿ ಹೇಗಿದೆ ಎಂದು ಮೊದಲೇ ವಿಚಾರಿಸಿ. ಕಡಲದಂಡೆಯ ತಾಣವಾದರೆ ಉಬ್ಬರದ ವೇಳೆಯನ್ನು ತಿಳಿದುಕೊಳ್ಳಿ, ಕಡಿದಾದ ಬಂಡೆಯ ಬುಡದಲ್ಲಿ ಮಕ್ಕಳನ್ನು ಕೂರಿಸಬೇಡಿ.

ಒಂದು ಸಂಗತಿಯನ್ನು ಮಾತ್ರ ಮಕ್ಕಳಿಗೆ ಹೊರಡುವ ಮೊದಲೇ ಅಭ್ಯಾಸ ಮಾಡಿಸಿ: ದಾರಿಯಲ್ಲಿ ಏನಾದರೂ ಕಂಡರೆ ಏನು ಮಾಡಬೇಕು? ಎತ್ತಬಾರದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು, ಜಾಗ ಗುರುತಿಟ್ಟುಕೊಂಡು ತಿಳಿದವರನ್ನು ಕರೆಯಬೇಕು. ಮಕ್ಕಳ ಕಣ್ಣು ನೆಲಕ್ಕೆ ಹತ್ತಿರವಿರುವುದರಿಂದ ಇದು ಬರಿಯ ಶಿಸ್ತಿನ ಪಾಠವಲ್ಲ. 2021ರ ಜನವರಿಯಲ್ಲಿ ವೇಲ್ಸ್‌ನ ಬೆಂಡ್ರಿಕ್ಸ್ ಕೊಲ್ಲಿಯ ದಂಡೆಯಲ್ಲಿ ಮನೆಯವರೊಂದಿಗೆ ನಡೆಯುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂಡೆಯ ಮೇಲೊಂದು ಹೆಜ್ಜೆಗುರುತನ್ನು ಗುರುತಿಸಿದಳು. ಮನೆಯವರು ಅದರ ಚಿತ್ರ ತೆಗೆದು ತಜ್ಞರಿಗೆ ತಿಳಿಸಿದರು. ಅನುಮತಿ ಪಡೆದು ಅದನ್ನು ಬಂಡೆಯಿಂದ ಬಿಡಿಸಿ ಕಾರ್ಡಿಫ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು. ಸುಮಾರು 10 ಸೆಂಟಿಮೀಟರ್ ಉದ್ದದ ಆ ಗುರುತು ಡೈನೋಸಾರ್ ಒಂದರದು, ವಯಸ್ಸು ಸುಮಾರು 22 ಕೋಟಿ ವರ್ಷ. ನಿಮ್ಮ ಮೈದಾನದ ಹಗ್ಗದಲ್ಲಿ ಅದನ್ನು ಗುರುತಿಸಬೇಕಾದರೆ ಸ್ಟೆಗೊಸಾರಸ್‌ನ ಗುರುತನ್ನೂ ದಾಟಿ ಇನ್ನೂ 70 ಮೀಟರ್ ನಡೆಯಬೇಕು.